ಎದ್ದು ಹೊರಡುವ ವಿದ್ಯೆ

ಮೊನ್ನೆ ಲಂಡನ್ನಿನ ನಮ್ಮ ಕಿಂಗ್ಸ್‌ಬರಿಯ ದೊಡ್ಡ ಅಂಗಡಿಯೊಂದರಲ್ಲಿ ಒಂದು ಯಂತ್ರ ನನ್ನನ್ನು ಬೈದಿತು. ಆಳುಗಳನ್ನೆಲ್ಲ ತೆಗೆದುಹಾಕಿ, ನೀವೇ ಸಾಮಾನು ತೋರಿಸಿ ನೀವೇ ದುಡ್ಡು ಕೊಟ್ಟು ಹೋಗಿ ಎಂದು ನಿಲ್ಲಿಸಿದ್ದಾರಲ್ಲ, ಆ ಯಂತ್ರ. ಬದನೆಕಾಯಿ ತೂಗಿ ಚೀಲಕ್ಕೆ ಹಾಕಿದೆ. ಅದಕ್ಕೂ ಮುಂಚೆ ರಸ್ತೆಯಾಚೆಯ ತರಕಾರಿ ಅಂಗಡಿಯಲ್ಲಿ ಕೊಸರಾಗಿ ಪಡೆದಿದ್ದ ಕೊತ್ತಂಬರಿ ಕಟ್ಟು ಕೈಯಲ್ಲಿತ್ತು. ಅದನ್ನೂ ಚೀಲದೊಳಗೆ ಬಿಟ್ಟೆ. 'ಚೀಲದ ಜಾಗದಲ್ಲಿ ಅನಿರೀಕ್ಷಿತ ವಸ್ತುವಿದೆ' ಎಂದು ಯಂತ್ರ ಅಂಗಡಿಗೆಲ್ಲ ಕೇಳುವಂತೆ ಸಾರಿತು. ಹಿಂದೆ ನಿಂತವರು ನನ್ನನ್ನು ಕಳ್ಳಿಯ ಹಾಗೆ ನೋಡಿದರು. ಕೊಸರು ಅನಿರೀಕ್ಷಿತ ವಸ್ತು ಹೇಗಾದೀತು ಸ್ವಾಮಿ? ಕೊಸರಿಲ್ಲದ ವ್ಯಾಪಾರವೇ ನನಗೆ ಅನಿರೀಕ್ಷಿತ.

ನೀವು ಈ ಊರಿಗೆ ಹೊಸಬರಾಗಿದ್ದರೆ ಕೇಳಿಕೊಳ್ಳಿ. ಯಂತ್ರವಿರುವ ಅಂಗಡಿಯಲ್ಲಿ ಉಪ್ಪು, ಸೋಪು ಮಾತ್ರ ಕೊಳ್ಳಿ. ತರಕಾರಿಗೆ ಮನುಷ್ಯರಿರುವ ಅಂಗಡಿಗೆ, ಅದೂ ಬಾಗಿಲು ಹಾಕುವ ಹೊತ್ತಿಗೆ ಹೋಗಿ. ಮಾವಿನ ಹಣ್ಣಿನ ಪೆಟ್ಟಿಗೆಯಲ್ಲಿ ಕೆಳಗಿನ ಸಾಲು ನೋಡದೆ ಮೇಲಿನ ಸಾಲನ್ನು ಹೊಗಳಬೇಡಿ. ಬೆಲೆ ಕೇಳುವಾಗ ಮುಖದಲ್ಲಿ ಸ್ವಲ್ಪ ತಲೆನೋವು ಇರಲಿ. ಇದನ್ನೆಲ್ಲ ನಾನು ಪುಕ್ಕಟೆ ಹೇಳುತ್ತಿದ್ದೇನೆ. ಅಡುಗೆಮನೆಯ ಒಂದೇ ಒಲೆಯ ಮೇಲೆ ಚಪಾತಿ, ಶೇಂಗಾ ಹೋಳಿಗೆ ಮಾಡಿ ಮಾರಲು ಶುರುಮಾಡಿ, ಇವತ್ತು ಮದುವೆ ಮನೆಗಳಿಗೇ ಊಟ ಕಳಿಸುವ ಮಟ್ಟಕ್ಕೆ ಬಂದಿದ್ದೇನೆ ಅಂದರೆ ಅದರಲ್ಲಿ ಕೈಗುಣ ಅರ್ಧ, ಉಳಿದರ್ಧ ಚೌಕಾಸಿ.

ಆ ವಿದ್ಯೆ ನನಗೆ ಬಂದದ್ದು ಚಿಗವ್ವನಿಂದ, ಅಂದರೆ ಅವ್ವನ ತಂಗಿಯಿಂದ. ಬೈಲಹೊಂಗಲದಿಂದ ಬಸ್ಸು ಹತ್ತಿ ಬೆಳಗಾವಿಯ ಬಟ್ಟೆ ಅಂಗಡಿಗೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಪ್ರೀತಿಯಿಂದಲ್ಲ, ಕೆಲಸಕ್ಕೆ. ಅಂಗಡಿಯವನು ಗಾದಿಯ ಮೇಲೆ ಸೀರೆಗಳ ರಾಶಿ ಒಟ್ಟಿದ ಮೇಲೆ ಚಿಗವ್ವ ಒಂದು ರೇಟು ಹೇಳುವಳು, ಅವನು ನಗುವನು, ನಕ್ಕ ಕೂಡಲೇ ಈಕೆ ಎದ್ದು ಚಪ್ಪಲಿ ಮೆಟ್ಟಿ ಹೊರಡುವಳು. ಹೀಗೆ ಹೊರಟವರು ತಿರುಗಿ ನೋಡುವಂತಿಲ್ಲ. ನೋಡಿದರೆ ಸೀರೆಯ ಮೇಲೆ ಮನಸ್ಸಿರುವುದು ಗೊತ್ತಾಗಿಬಿಡುತ್ತದೆ. ಹಾಗಾಗಿ ನೋಡುವ ಕೆಲಸ ನನ್ನದು. ಆಕೆಯ ಸೆರಗು ಹಿಡಿದುಕೊಂಡು ನಾನು ಹಿಮ್ಮುಖವಾಗಿ ನಡೆಯಬೇಕು.

"ಏನ್ ಮಾಡಾಕತ್ತಾನ?"

"ಸೀರಿ ಮಡಚಾಕತ್ತಾನ, ಚಿಗವ್ವಾ."

"ಮುಖಾ ಹೆಂಗೈತಿ?"

"ಸಪ್ಪಗೈತಿ."

"ಹಂಗಾರ ಸಾವಕಾಶ ನಡಿ."

ಓಣಿಯ ಮೂಲೆ ತಿರುಗುವ ಮುಂಚೆ 'ಅಕ್ಕಾರ, ಬರ್ರಿ ಇಲ್ಲೆ' ಎಂಬ ಕೂಗು ಬರಲೇಬೇಕು. ಬಂದೇ ಬರುತ್ತಿತ್ತು. ಒಂದು ಸಲ ಹಿಂದೆ ನೋಡುತ್ತ ನಡೆದ ನಾನು ಗಟಾರಕ್ಕೆ ಬಿದ್ದೆ. ಅಂಗಡಿಯವನೇ ಓಡಿಬಂದು ಎತ್ತಿದ. ಚಿಗವ್ವ ನನ್ನ ಮೊಣಕಾಲು ಒರೆಸುತ್ತಲೇ ಅವನಿಂದ ಇನ್ನಷ್ಟು ಇಳಿಸಿದಳು.

ಇಂಥ ಗರಡಿಯಲ್ಲಿ ಪಳಗಿದ ನನ್ನ ಪಕ್ಕದ ಮನೆಗೆ ಬಂದು ಸೇರಿದವರು ವೇಯ್ನ್ ಮತ್ತು ಲಿಂಡಾ ಎಂಬ ಅಮೆರಿಕದ ಗಂಡಹೆಂಡತಿ. ನಮ್ಮದು ಒಂದೇ ಗೋಡೆಯ ಎರಡು ಬದಿಗೆ ಅಂಟಿಕೊಂಡ ಜೋಡಿ ಮನೆ. ಈ ಕಡೆ ಸೀನಿದರೆ ಆ ಕಡೆಯವರು ಹರಸಬಹುದು. ಇಬ್ಬರೂ ಕ್ಯಾನ್ಸಸ್‌ನವರು. ವಯಸ್ಸು ಐವತ್ತು ದಾಟಿದೆ, ಮಕ್ಕಳಿಲ್ಲ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸುಗಳನ್ನು ಸುತ್ತಿಸುವ ಪಟ್ಟಿ ಇರುತ್ತದಲ್ಲ, ಅದನ್ನು ಮಾಡುವ ಕಂಪನಿಯವನು ವೇಯ್ನ್. ಕಂಪನಿ ಅವನನ್ನೇ ಒಂದು ಸುತ್ತು ಯುರೋಪಿಗೆ ಕಳಿಸಿತ್ತು.

ಬಂದ ವಾರವೇ ವೇಯ್ನ್ ಒಂದು ಕುರ್ಚಿ ತಂದು ಮನೆಯ ಮುಂದೆ ಹಾಕಿಕೊಂಡು ಕುಳಿತ. ಅವರ ಊರಲ್ಲಿ ಸಂಜೆ ಹಾಗೆ ಕೂರುತ್ತಾರಂತೆ. ಹೋಗಿಬರುವವರಿಗೆ ಕೈಯೆತ್ತಿ ಮಾತಾಡಿಸುತ್ತಾರಂತೆ. ಲಂಡನ್ನಿನಲ್ಲಿ ಮನೆಯ ಹಿಂದೆ ಬೇಕಾದರೆ ಚಾಪೆ ಹಾಸಿ ಮಲಗಿ, ಕೇಳುವವರಿಲ್ಲ. ಮುಂದೆ ಮಾತ್ರ ಕೂರುವಂತಿಲ್ಲ. ರಸ್ತೆಯವರೆಲ್ಲ ಅವನು ಕೀಲಿ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡಿದ್ದಾನೆ ಎಂದು ತಿಳಿದರು. ಒಬ್ಬಾಕೆ ಕೀಲಿ ತೆಗೆಯುವವನ ನಂಬರು ಕೊಟ್ಟಳು. ಇನ್ನೊಬ್ಬ, ಪಾಪ, ಏಣಿಯನ್ನೇ ಹೊತ್ತು ತಂದ. ಇದನ್ನು ಕಿಟಕಿಯಿಂದ ನೋಡಿದ ನಮ್ಮ ಮನೆಯವರಿಗೆ ಬೈಲಹೊಂಗಲದ ಕಟ್ಟೆ ನೆನಪಾಗಿ, ತಾವೂ ಒಂದು ಕುರ್ಚಿ ಎತ್ತಿಕೊಂಡು ಹೋಗಿ ಅವನ ಪಕ್ಕ ಕುಳಿತರು. ಈಗ ಇಬ್ಬರು ಕೀಲಿ ಕಳೆದುಕೊಂಡಂತಾಯಿತು.

ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಕನಸು ಕಾಣುವ ಈ ಜೋಡಿಗೆ ಇಂಗ್ಲಿಷರ ನಡುವೆ ಬದುಕುವುದನ್ನು ಕಲಿಸಿದವಳು ಬೈಲಹೊಂಗಲದ ನಾನು. ಟ್ಯೂಬ್ ರೈಲಿನಲ್ಲಿ ಎದುರಿಗೆ ಕುಳಿತವರ ಊರು ಕೇಳಬಾರದು ಎಂದು ಹೇಳಿದೆ. ಅಷ್ಟುದ್ದದ ಕಾರು ನಮ್ಮ ಗಲ್ಲಿಯಲ್ಲಿ ತಿರುಗುವುದಿಲ್ಲ, ಮಾರಿಬಿಡಿ ಎಂದೆ. ಮಾರಿದರು, ನಾನೇ ನಿಂತು ಒಳ್ಳೆಯ ರೇಟಿಗೆ ಮಾರಿಸಿದೆ. ಆ ದಿನದಿಂದ ಲಿಂಡಾಳಿಗೆ ನನ್ನ ಮಾತೆಂದರೆ ಡಾಕ್ಟರ ಚೀಟಿಯಿದ್ದ ಹಾಗೆ.

ಲಿಂಡಾಳ ಜೊತೆ ನನ್ನ ಸ್ನೇಹ ಬೆಳೆದದ್ದಕ್ಕೆ ಇನ್ನೊಂದು ಕಾರಣವಿತ್ತು. ಆಕೆ ಕೌದಿ ಹೊಲಿಯುತ್ತಾಳೆ. ಅವರ ಹೆಸರು ಬೇರೆ, ವಸ್ತು ನಮ್ಮದೇ: ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ಪದರ ಹಾಕಿ, ಸಣ್ಣ ಹೊಲಿಗೆಯಲ್ಲಿ ಹಿಡಿಯುವುದು. ನಮ್ಮ ಅವ್ವ ನೆಲದ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದಳು. ಲಿಂಡಾ ಮುಂಗೋಣೆಯಲ್ಲಿ, ಹೊರಕ್ಕೆ ಉಬ್ಬಿಕೊಂಡ ದೊಡ್ಡ ಕಿಟಕಿಯ ಬುಡದಲ್ಲಿ, ಹಗ್ಗದ ಮಂಚದಷ್ಟು ದೊಡ್ಡ ಮರದ ಚೌಕಟ್ಟು ಕಟ್ಟಿ ಅದರ ಮೇಲೆ ಹೊಲಿಯುತ್ತಾಳೆ. "ಈ ಬೆಳಕಿಗಾಗಿಯೇ ನಾನು ಈ ಮನೆ ಒಪ್ಪಿದ್ದು, ಸರೋಜಾ. ಈ ಬೆಳಕು ಇಲ್ಲದಿದ್ದರೆ ಈ ದೇಶದಲ್ಲಿ ನಾನು ಒಂದು ತಿಂಗಳೂ ತಡೆಯುತ್ತಿರಲಿಲ್ಲ," ಎನ್ನುತ್ತಿದ್ದಳು. ಮಧ್ಯಾಹ್ನ ನಾನೂ ಹೋಗಿ ಆ ಕಡೆಯಿಂದ ಒಂದು ಸೂಜಿ ಹಿಡಿಯುತ್ತಿದ್ದೆ. ನನ್ನ ಹೊಲಿಗೆ ದೊಡ್ಡದು. ನಾನು ಮನೆಗೆ ಹೋದ ಮೇಲೆ ಆಕೆ ಅದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಬಿಚ್ಚಿದ್ದು ನನಗೆ ಗೊತ್ತಿಲ್ಲ ಎಂದು ಆಕೆ ತಿಳಿದಿದ್ದಳು.

ಆ ಮನೆಯ ಯಜಮಾನರು ಬಾರ್ಟನ್ ಸಾಹೇಬರು. ಸಟನ್ನಿನಲ್ಲಿ ಒಂಟಿಯಾಗಿರುವ ಮುದುಕರು. ಇದು ಅವರ ತಾಯಿಯ ಮನೆ. ಏಜೆಂಟರನ್ನು ನಂಬದೆ, ರೈಲು ಬದಲಿಸಿಕೊಂಡು ಇಡೀ ಲಂಡನ್ ದಾಟಿ ತಾವೇ ಬಂದು ಮನೆ ನೋಡಿಕೊಳ್ಳುತ್ತಿದ್ದರು. ಮಾತಿಗೆ ಮುಂಚೆ 'ಕ್ಷಮಿಸಿ' ಎನ್ನುವ ಪೈಕಿ. ನಲ್ಲಿ ಸೋರಿದರೆ ನಲ್ಲಿಗೂ ಒಂದು ಕ್ಷಮೆ ಕೇಳಿ ಆಮೇಲೆ ಪಾನಾ ಹಾಕುವರು. ಈ ವಸಂತದಲ್ಲಿ ಅವರು ಬಂದು, ಕ್ಷಮಿಸಿ, ಎಲ್ಲವೂ ದುಬಾರಿಯಾಗಿದೆ, ಕ್ಷಮಿಸಿ, ಬಾಡಿಗೆ ಸ್ವಲ್ಪ ಹೆಚ್ಚಿಸಬೇಕಾದೀತು, ಮುಂದಿನ ಶನಿವಾರ ಬರುತ್ತೇನೆ, ಯೋಚಿಸಿ ಹೇಳಿ ಎಂದು ಹೋದರು.

ಲಿಂಡಾ ಅದನ್ನು ನನಗೆ ಹೇಳಿದ್ದು ಸಲಹೆಗಲ್ಲ, ಸುಮ್ಮನೆ ಸುದ್ದಿಗೆ. ಆದರೆ ನನ್ನ ಮುಂದೆ 'ಬೆಲೆ' ಎಂಬ ಮಾತು ಬಿದ್ದ ಮೇಲೆ ನಾನು ಸುಮ್ಮನಿರುವುದೆಂದರೆ ಹಾಲು ಕಂಡ ಬೆಕ್ಕು ಸುಮ್ಮನಿದ್ದ ಹಾಗೆ. ಇಬ್ಬರನ್ನೂ ನನ್ನ ಅಡುಗೆಮನೆಯಲ್ಲಿ ಕೂರಿಸಿ ತಾಲೀಮು ಶುರುಮಾಡಿದೆ. ನಾನೇ ಬಾರ್ಟನ್ ಆದೆ.

"ಕ್ಷಮಿಸಿ, ಬಾಡಿಗೆ ಹೆಚ್ಚಿಸಬೇಕಾಗಿದೆ," ಎಂದೆ.

"ನ್ಯಾಯವಾಗೇ ಇದೆ!" ಎಂದ ವೇಯ್ನ್.

"ನ್ಯಾಯ ಅನ್ನಬೇಡ ಮಾರಾಯ. ಮೊದಲು ಮುಖ ಸಣ್ಣ ಮಾಡು."

ವೇಯ್ನ್ ಪ್ರಯತ್ನಪಟ್ಟ. ಆದರೆ ಆ ಮುಖದಲ್ಲಿ ಹಲ್ಲುಗಳದ್ದೇ ಬಹುಮತ.

"ಆಮೇಲೆ ಹೇಳು: ಹಾಗಾದರೆ ನಾವು ಮನೆ ಬಿಡಬೇಕಾಗುತ್ತೆ."

"ಆದರೆ ನಾವು ಬಿಡೋದಿಲ್ಲವಲ್ಲ," ಎಂದಳು ಲಿಂಡಾ. "ಅದು ಸುಳ್ಳಾಗುತ್ತೆ."

"ಸುಳ್ಳಲ್ಲ, ಅಂಗಡಿಯ ಮಾತು. ಅವರಿಗೂ ಗೊತ್ತಿರುತ್ತೆ."

"ಗೊತ್ತಿರುತ್ತಾ?"

"ಜಗತ್ತಿಗೇ ಗೊತ್ತು. ಹೊರಟೆ ಅಂದವರನ್ನ ತಿರುಗಿ ಕರೆಯೋದೇ ವ್ಯಾಪಾರ."

ಶನಿವಾರ ನಾನೂ ಒಂದು ತಟ್ಟೆ ಚಕ್ಕುಲಿ ಹಿಡಿದು, ಆಕಸ್ಮಿಕವಾಗಿ ಬಂದವಳಂತೆ ಅಲ್ಲಿ ಹಾಜರಿದ್ದೆ. ವೇಯ್ನ್ ಮಗ್ಗಿ ಒಪ್ಪಿಸುವ ಹುಡುಗನಂತೆ ನೆಟ್ಟಗೆ ನಿಂತು, "ಹಾಗಾದರೆ ನಾವು ಮನೆ ಬಿಡಬೇಕಾಗುತ್ತೆ, ಸರ್," ಎಂದ. ಬಾರ್ಟನ್ ಸಾಹೇಬರ ಕೈಯಲ್ಲಿದ್ದ ಚಕ್ಕುಲಿ ಬಾಯಿಯ ದಾರಿಯಲ್ಲೇ ನಿಂತಿತು. ಈಗ ಕರೆಯುತ್ತಾರೆ ಎಂದುಕೊಂಡೆ.

"ಓ," ಎಂದರು. "ಹೌದೇ? ನನಗೆ ಬಹಳ ವಿಷಾದ. ಆದರೆ ಖಂಡಿತ, ನಿಮ್ಮ ಪರಿಸ್ಥಿತಿ ನನಗೆ ಅರ್ಥವಾಗುತ್ತೆ." ಅಷ್ಟೇ. ಉಳಿದ ಚಹಾ ಕುಡಿದು, ಕಪ್ಪನ್ನು ತಾವೇ ತೊಳೆದಿಟ್ಟು ಹೊರಟರು. ಲಿಂಡಾ ಏನೋ ಹೇಳಲು ಬಾಯಿ ತೆರೆದಳು. ನಾನು ಕಣ್ಣಲ್ಲೇ ತಡೆದೆ. ಗೇಟಿನವರೆಗೆ ಹೋದ ಸಾಹೇಬರು ನಿಂತರು. ತಿರುಗಿದರು. "ನೋಡು!" ಎಂದು ಲಿಂಡಾಳ ಮೊಣಕೈ ತಿವಿದೆ. ಸಾಹೇಬರು ಒಳಗೆ ಬಂದು, "ಕ್ಷಮಿಸಿ, ಟೋಪಿ ಮರೆತಿದ್ದೆ," ಎಂದು ಟೋಪಿ ಎತ್ತಿಕೊಂಡು ಹೋದರು.

"ಈಗ?" ಎಂದ ವೇಯ್ನ್.

"ಫೋನ್ ಮಾಡಬೇಡಿ. ಯಾರು ಮೊದಲು ಬಾಯಿ ಬಿಡ್ತಾರೋ ಅವರು ಸೋತ ಹಾಗೆ. ಇಂಗ್ಲಿಷರು, ನಿಧಾನ. ಮೂಲೆ ತಿರುಗೋಕೆ ಅವರಿಗೆ ಒಂದು ವಾರ ಬೇಕು."

ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಫೋನು ಬಂತು, ಲಿಂಡಾಳಿಗೆ: ಕ್ಷಮಿಸಿ, ಮನೆ ನೋಡಲು ಜನ ಬರುತ್ತಾರೆ, ಭಾನುವಾರ ತೊಂದರೆಯಾಗುವುದಿಲ್ಲವೇ? ನೋಡಿ, ನಮ್ಮಲ್ಲಾದರೆ ಎಂಥ ಜಿಪುಣನೂ ಒಂದು ಮಾತು ಜಗ್ಗಾಡುತ್ತಾನೆ. ಈ ಮನುಷ್ಯ ನಾವು ಹೇಳಿದ್ದನ್ನು ಹೇಳಿದ ಹಾಗೇ ನಂಬಿಬಿಟ್ಟಿದ್ದರು. ಇಷ್ಟು ವರ್ಷ ಈ ದೇಶದಲ್ಲಿದ್ದರೂ ಒಬ್ಬ ಇಂಗ್ಲಿಷನ ಎದುರು ನಾನು ಎದ್ದು ಹೋಗಿರಲೇ ಇಲ್ಲ ಎಂಬುದು ಆಗ ಹೊಳೆಯಿತು. ನನ್ನ ವ್ಯಾಪಾರವೆಲ್ಲ ಗುಜರಾತಿಗಳ ಜೊತೆ, ಪಂಜಾಬಿಗಳ ಜೊತೆ. ಅವರು ಕರೆಯುತ್ತಾರೆ. ಚಿಗವ್ವನ ಶಾಸ್ತ್ರದಲ್ಲಿ ದೋಷವಿರಲಿಲ್ಲ. ಗಿರಾಕಿ ಪಾಠ ಓದಿಕೊಂಡು ಬಂದರೂ ಅಂಗಡಿಯವನು ಓದಿರಲಿಲ್ಲ.

ಲಿಂಡಾ ಬಂದು ಖಾಲಿ ರಟ್ಟಿನ ಡಬ್ಬಗಳಿವೆಯೇ ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ಒಂದಿಷ್ಟೂ ದೂರು ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. "ಇನ್ನೊಂದು ಮನೆ ಹುಡುಕೋ ಬದಲು ಕ್ಯಾನ್ಸಸ್‌ಗೇ ಹೋಗಿಬಿಡೋಣ ಅಂತಾನೆ ವೇಯ್ನ್. ಕಂಪನಿಯೂ ಒಪ್ಪುತ್ತಂತೆ. ಚೌಕಟ್ಟು ಬಿಚ್ಚೋಕೆ ಶುರು ಮಾಡಿದ್ದೀನಿ," ಎಂದಳು.

"ಫೋನ್ ಮಾಡಿ ಇರ್ತೀವಿ ಅಂದುಬಿಡು," ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಂದ ಹೊರಗೆ ಬೀಳಲಿಲ್ಲ. "ನೋಡೋಣ, ಇನ್ನೂ ಭಾನುವಾರ ಇದೆಯಲ್ಲ," ಎಂದೆ.

ಭಾನುವಾರಕ್ಕೆ ನನ್ನದೇ ಒಂದು ಯೋಜನೆಯಿತ್ತು. ಮನೆ ನೋಡುವವರು ಬರುವ ಹೊತ್ತಿಗೆ ಸರಿಯಾಗಿ ಹಿತ್ತಲ ಬಾಗಿಲು ತೆರೆದಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಒಂದು ಬಾಣಲೆ ಒಗ್ಗರಣೆ ಹೊಡೆದೆ. ನಮ್ಮ ಮನೆಯವರೇ ಕೆಮ್ಮುತ್ತ ಮಹಡಿಗೆ ಓಡಿದರು. ಇಂಥ ಘಾಟಿನ ಪಕ್ಕ ಯಾರು ಬಂದಾರು ಎಂದು ನಾನು ಕಣ್ಣೀರೊರೆಸಿಕೊಳ್ಳುತ್ತಿರುವಾಗ ಬೇಲಿಯ ಮೇಲೆ ಒಂದು ಮುಖ ಕಾಣಿಸಿತು.

"ಆಂಟೀ, ನೀವು ಕನ್ನಡದವ್ರಾ? ಬೆಳ್ಳುಳ್ಳಿ ಒಗ್ಗರಣೆ ವಾಸ್ನೆಗೇ ಗೊತ್ತಾಯ್ತು! ನಾವು ದಾವಣಗೆರೆಯವ್ರು. ನಾನು ರೂಪಾ ಅಂತ."

ಅವಳ ಪಕ್ಕದಲ್ಲೊಂದು ಚಿಕ್ಕ ಹುಡುಗಿ ಮೂಗು ಮುಚ್ಚಿಕೊಂಡು ನಿಂತಿತ್ತು. "ನಮಸ್ಕಾರ ಹೇಳು ಪುಟ್ಟಾ," ಎಂದಳು ರೂಪಾ. "ಹಾಯ್," ಎಂದಿತು ಹುಡುಗಿ.

ನಮ್ಮ ಮನೆಯವರು ಮಹಡಿಯಿಂದ ಎಷ್ಟು ಬೇಗ ಇಳಿದರೆಂದರೆ ಅವರ ಮೊಣಕಾಲು ನೋವು ಇಷ್ಟು ದಿನ ನಿಜವೇ ಎಂದು ನನಗೆ ಅನುಮಾನ ಬಂತು. "ದಾವಣಗೆರಿಯವರ? ಬರ್ರಿ, ಒಳಗ ಬರ್ರಿ! ಏ ಸರೂ, ಚಹಾ ಇಡು. ನಮ್ಮ ಬಾಜೂಕ ಕನ್ನಡದವರು ಬರಾಕತ್ತಾರ!" ಈ ರಸ್ತೆಯಲ್ಲಿ ಕನ್ನಡ ಮಾತಾಡುವ ನೆರೆಗಾಗಿ ಅವರು ಕಾದಷ್ಟು ಯಾರೂ ಕಾದಿಲ್ಲ. ಹಗಲೆಲ್ಲ ಫೋನಿನಲ್ಲಿ ಧಾರವಾಡದ ಹವಾಮಾನ ಕೇಳುವ ಮನುಷ್ಯ. ನನಗೂ ಆಸೆ ಇರಲಿಲ್ಲ ಎಂದಲ್ಲ. ರೂಪಾ ನಮ್ಮ ಅಡುಗೆಮನೆಯಲ್ಲಿ ನಿಂತು, ನಾನು ಹೇಳದೆಯೇ ಚಹಾಕ್ಕೆ ಶುಂಠಿ ಜಜ್ಜಿಕೊಟ್ಟಳು. ಕರುಳಿಗೆ ತಾಕಿತು.

ಆಮೇಲೆ ನಮ್ಮ ಮನೆಯವರು ಆ ಹುಡುಗಿಗೆ ಹಿತ್ತಲು ತೋರಿಸಲು ಹೋದಾಗ ರೂಪಾ ದನಿ ತಗ್ಗಿಸಿ ಕೇಳಿದಳು.

"ಆಂಟಿ, ಮನೆ ತುಂಬಾ ಹಿಡಿಸ್ತು. ಬಾಡಿಗೆ ಒಂಚೂರು ಜಾಸ್ತಿ ಆಯ್ತು. ಓನರ್ ಹೆಂಗೆ? ಕೇಳಿದ್ರೆ ಕಮ್ಮಿ ಮಾಡ್ತಾರಾ?"

ಗೋಡೆಯಾಚೆ ಲಿಂಡಾ ಡಬ್ಬಕ್ಕೆ ಟೇಪು ಎಳೆಯುವ ಸದ್ದು ಕೇಳುತ್ತಿತ್ತು. ನನಗೆ ಸಲಹೆ ಕೇಳಿದವರನ್ನು ಬರಿಗೈಯಲ್ಲಿ ಕಳಿಸಿ ಅಭ್ಯಾಸವಿಲ್ಲ.

"ಸುಮ್ನ ಕೇಳಿದರ ಕಡಿಮಿ ಮಾಡಂಗಿಲ್ಲವಾ," ಎಂದೆ. "ಒಂದು ರೇಟು ಹೇಳು. ಇಲ್ಲ ಅಂದ್ರ, ಹಂಗಾರ ನಮಗ ಬ್ಯಾಡ ಅಂದು ಎದ್ದು ಹೊಂಟುಬಿಡು. ತಿರುಗಿ ನೋಡಬ್ಯಾಡ."

"ಕರೀತಾರಾ ಆಂಟಿ?"

"ನಮ್ಮ ಚಿಗವ್ವನ್ನ ಕರೀದೆ ಬಿಟ್ಟವರ ಇಲ್ಲ," ಎಂದೆ. ಇದು ನೂರಕ್ಕೆ ನೂರು ನಿಜ.

ರೂಪಾ ಹೋಗಿ ಚಂದಾಗಿ ಮಾಡಿದಳು. ವೇಯ್ನ್‌ನ ಹಾಗೆ ತಡವರಿಸಲಿಲ್ಲ; ರಕ್ತದಲ್ಲೇ ಇತ್ತು. ಬ್ಯಾಗು ಹೆಗಲಿಗೇರಿಸಿ, ಮಗಳ ಕೈ ಹಿಡಿದು, ಹಿಂದೆ ನೋಡದೆ ಗೇಟು ದಾಟಿದಳು. ಮೂಲೆಯಲ್ಲಿ ಚಪ್ಪಲಿಯ ಪಟ್ಟಿ ಸರಿಪಡಿಸಿಕೊಳ್ಳುವ ನೆಪದಲ್ಲಿ ಒಂದು ಕ್ಷಣ ನಿಂತಳು ಕೂಡ. ಮನೆ ತೋರಿಸಲು ಬಂದಿದ್ದ ಬಾರ್ಟನ್ ಸಾಹೇಬರು ಬಾಗಿಲಲ್ಲಿ ನಿಂತು, "ಖಂಡಿತ, ಅರ್ಥವಾಗುತ್ತೆ," ಎಂದು ಅವಳ ಬೆನ್ನಿಗೆ ಹೇಳಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಾನು ಪರದೆ ಬಿಟ್ಟೆ.

ಸಾಹೇಬರು ತಕ್ಷಣ ಹೋಗಲಿಲ್ಲ. ಕತ್ತರಿ ತಂದು ಮುಂದಿನ ಬೇಲಿಯ ಗಿಡ ಕತ್ತರಿಸತೊಡಗಿದರು. ಅದನ್ನು ವೇಯ್ನ್ ಆಗಲೇ ಕತ್ತರಿಸಿದ್ದ. ಅವರು ಬರಿಯ ಗಾಳಿಯನ್ನು ಕತ್ತರಿಸುತ್ತಿದ್ದರು. ಆಗ ಲಿಂಡಾ ಹೊರಗೆ ಬಂದಳು. ನಾನು ನಮ್ಮ ಬಾಗಿಲಿಂದ ಬೆರಳು ತುಟಿಗಿಟ್ಟು ಸನ್ನೆ ಮಾಡಿದೆ. ಇದ್ದ ಒಬ್ಬ ಗಿರಾಕಿಯೂ ಹೋಗಿದ್ದಾಳೆ, ಈಗ ತಕ್ಕಡಿ ನಮ್ಮ ಕಡೆಗೆ ವಾಲಿದೆ, ಇನ್ನೊಂದೇ ದಿನ ತಡಿ! ಲಿಂಡಾ ನನ್ನನ್ನು ನೋಡಿದಳು, ನನ್ನ ಬೆರಳನ್ನೂ ನೋಡಿದಳು, ನೇರ ಸಾಹೇಬರ ಹತ್ತಿರ ಹೋದಳು.

"ಮಿಸ್ಟರ್ ಬಾರ್ಟನ್, ನಮಗೆ ಹೋಗೋಕೆ ಇಷ್ಟವಿಲ್ಲ. ಇಲ್ಲೇ ಇರಬಹುದಾ?"

ಕತ್ತರಿ ನಿಂತಿತು. ಸಾಹೇಬರ ಕಿವಿ ಕೆಂಪಾಯಿತು.

"ಓ. ನಾನು ಅದನ್ನೇ ಆಸೆಪಟ್ಟಿದ್ದೆ," ಎಂದರು. "ಆದರೆ ನೀವು ಹೋಗುತ್ತೇವೆ ಅಂದಿರಿ. ಹೋಗುತ್ತೇವೆ ಅಂದವರನ್ನು ಬೇಡ ಅನ್ನೋದು ಸಭ್ಯತೆ ಅಲ್ಲವಲ್ಲ. ಬಾಡಿಗೆ ಹಳೆಯದೇ ಇರಲಿ. ಕ್ಷಮಿಸಿ, ನಾನು ಎತ್ತಬಾರದಿತ್ತು."

"ಇಲ್ಲ ಇಲ್ಲ, ನೀವು ಕೇಳಿದ್ದು ನ್ಯಾಯವಾಗೇ ಇದೆ. ಅಷ್ಟೂ ಕೊಡ್ತೀವಿ."

"ಬೇಡ, ದಯವಿಟ್ಟು."

"ಕೊಟ್ಟೇ ಕೊಡ್ತೀವಿ!" ಎಂದ ವೇಯ್ನ್ ಒಳಗಿಂದ ಬಂದು, ಬಾಯ್ತುಂಬ ಹಲ್ಲು.

ಕೊಳ್ಳುವವಳು ಏರಿಸುತ್ತಾಳೆ, ಮಾರುವವನು ಇಳಿಸುತ್ತಾನೆ. ನನ್ನ ಇಡೀ ಆಯುಷ್ಯದಲ್ಲಿ ಇಂಥ ಚೌಕಾಸಿ ನೋಡಿರಲಿಲ್ಲ. ಇಬ್ಬರೂ ಸೋಲಲು ಹಟ ಹಿಡಿದು ನಿಂತಿದ್ದರು. ಬಿಟ್ಟರೆ ಕತ್ತಲಾಗುವವರೆಗೂ ನಡೆಯುತ್ತಿತ್ತು. ಕೊನೆಗೆ ನಾನೇ ಬೇಲಿ ದಾಟಿ ಮಧ್ಯೆ ನಿಂತು, "ಹೆಚ್ಚಿಸಿದ್ದರಲ್ಲಿ ಅರ್ಧ. ಮುಗೀತು. ಇಬ್ಬರೂ ಒಳಗೆ ನಡೀರಿ," ಎಂದು ತೀರ್ಮಾನ ಮಾಡಿದೆ. ಇಬ್ಬರಿಗೂ ಸ್ವಲ್ಪ ಬೇಸರವಾಯಿತು, ಅಂದರೆ ವ್ಯಾಪಾರ ಸರಿಯಾಗಿ ಕುದುರಿತು. ಲಿಂಡಾ ಬಂದು ನನ್ನನ್ನು ತಬ್ಬಿಕೊಂಡು, "ನೀನು ಹೇಳಿದ ಹಾಗೇ ಆಯ್ತು ಸರೋಜಾ, ಕೊನೆಗೂ ಇಳಿಸಿದರು!" ಎಂದಳು. ಆಕೆಯ ನಂಬಿಕೆ ಕೆಡಿಸಲು ನಾನ್ಯಾರು?

ಸಂಜೆ ನಮ್ಮ ಮನೆಯವರು ಹಿತ್ತಲ ಗಿಡಗಳಿಗೆ ನೀರು ಹಾಕಿ ಒಳಗೆ ಬಂದರು. ಲಿಂಡಾಳ ಸುದ್ದಿ ಕೇಳಿ ಖುಷಿಪಟ್ಟರು. ಆಮೇಲೆ, "ದಾವಣಗೆರಿಯವರು ಯಾಕ ಬ್ಯಾಡ ಅಂದರಂತ?" ಎಂದರು.

"ಬಾಡಿಗಿ ಹೆಚ್ಚಾತಂತ. ಎದ್ದು ಹೋದರಂತ."

"ಹಂಗ ಎದ್ದು ಹ್ವಾದರ ಬಿಟ್ಟುಬಿಡೂದೇನ? ಆ ಮುದುಕಗರ ತಿಳೀಲಿಲ್ಲ. ನೀ ಬಾಗಲದಾಗ ಇದ್ದಿ, ನೀನರ ಒಂದು ಕೂಗು ಹಾಕಬೇಕಿತ್ತಲ್ಲ, ಸರೂ."

ಗೋಡೆಯಾಚೆ ಲಿಂಡಾ ಚೌಕಟ್ಟಿನ ಬೆಣೆಗಳನ್ನು ಒಂದೊಂದಾಗಿ ಬಡಿದು ಕೂರಿಸುತ್ತಿದ್ದಳು. ಆ ಸದ್ದು ನಿಲ್ಲುವವರೆಗೂ ನಾನು ಉತ್ತರ ಕೊಡುವ ಅಗತ್ಯವಿರಲಿಲ್ಲ. ಅದು ಬೇಗ ನಿಲ್ಲದಿರಲಿ ಎಂದು ಕುಳಿತೆ.